ಮನೆಯಲ್ಲಿ ಬಿಯರ್ ಮಾಡಿದರೆ ಕಣ್ಣು ಹೋಗುತ್ತಾ? ಇನ್ನೂ ಏನೇನು ಕೇಳಿದ್ದೀರಿ, ಹೇಳಿ

ಹಾಪ್ಸ್_ಹುಚ್ಚ, ಬಸವನಗುಡಿ

ಕೆಲಸದ ಮೇಲೆ ಕೆಲವು ವರ್ಷ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿದ್ದೆ. ಅಲ್ಲಿ ಮನೆಯಲ್ಲಿ ಬಿಯರ್ ಮಾಡುವುದು ಮಾಮೂಲಿ ಹವ್ಯಾಸ. ನಾನೂ ಮಾಡುತ್ತಿದ್ದೆ. ಈಗ ವಾಪಸ್ ಬಂದಿದ್ದೇನೆ, ಇಲ್ಲಿ ಮಾಡುತ್ತಿಲ್ಲ. ಕಾರಣ ಕಾನೂನು, ಅದರ ಮಾತು ಆಮೇಲೆ.

ಆದರೆ ಮದುವೆ ಮನೆಯಲ್ಲಿ, ಆಫೀಸ್ ಕ್ಯಾಂಟೀನಿನಲ್ಲಿ, ಎಲ್ಲಿ ಈ ವಿಷಯ ತೆಗೆದರೂ ಅದೇ ಮಾತುಗಳು. ಕಣ್ಣು ಹೋಗುತ್ತೆ. ಸಕ್ಕರೆ ಜಾಸ್ತಿ ಸುರಿದರೆ ಕಿಕ್ ಜಾಸ್ತಿ. ಕಪ್ಪು ಬಿಯರ್ ಅಂದರೆ ಸ್ಟ್ರಾಂಗ್. ಮನೆಯಲ್ಲಿ ಮಾಡಿದರೆ ಪುಕ್ಕಟೆ ಬಿದ್ದ ಹಾಗೆ. ನನಗೆ ಅನ್ನಿಸುವುದು ಇಷ್ಟು: ನಮ್ಮೂರಲ್ಲಿ "ಮನೆಯಲ್ಲಿ ಮಾಡಿದ್ದು" ಅಂದ ತಕ್ಷಣ ಜನರ ತಲೆಗೆ ಬರುವುದು ಕಳ್ಳಭಟ್ಟಿ. ಬಿಯರ್‌ನಲ್ಲಿ ಭಟ್ಟಿ ಇಳಿಸುವ ಕೆಲಸವೇ ಇಲ್ಲ, ಬರೀ ಹುದುಗಿಸುವುದು. ಹೆದರಬೇಕಾದ ಎರಡು ವಿಷಯ ನಿಜವಾಗಿಯೂ ಇವೆ, ಅವನ್ನು ಮಾತ್ರ ಯಾರೂ ಕೇಳುವುದಿಲ್ಲ.

ನೀವು ಕೇಳಿದ್ದು ಹಾಕಿ. ಗೊತ್ತಿರುವವರು ಉತ್ತರ ಕೊಡಿ.

ರಾಜಾಜಿನಗರದ_ರಘು

ಗುರು, ಕಣ್ಣಿನ ವಿಷಯ ಅಷ್ಟು ಸುಲಭಕ್ಕೆ ತಳ್ಳಿ ಹಾಕಬೇಡ. 1981ರಲ್ಲಿ ಇದೇ ಬೆಂಗಳೂರಿನಲ್ಲಿ ವಿಷದ ಸಾರಾಯಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ನಮ್ಮಪ್ಪ ಇವತ್ತಿಗೂ ಹೇಳುತ್ತಾರೆ. 2008ರ ಮೇ ತಿಂಗಳಲ್ಲಿ ಮತ್ತೆ ಆಯಿತು, ಇಲ್ಲೂ ಆಯಿತು, ತಮಿಳುನಾಡಿನ ಗಡಿ ಕಡೆಯೂ ಆಯಿತು. ಅದೆಲ್ಲ ಸುಳ್ಳಾ?

ಮಲ್ಲೇಶ್ವರಂ_ಮೈಕ್ರೋಬ್

ಸುಳ್ಳಲ್ಲ ರಘು ಅವರೇ. ಆದರೆ ಅಲ್ಲಿ ಸಾಯಿಸಿದ್ದು ಹುದುಗುವಿಕೆ ಅಲ್ಲ. ಕಾರ್ಖಾನೆಗಳಿಗೆ ಬರುವ ಮೆಥನಾಲ್ ಅನ್ನುವ ವಿಷದ ಆಲ್ಕೋಹಾಲ್ ಸಾರಾಯಿಗೆ ಸೇರಿತ್ತು. ಅದು ಅಗ್ಗ, ನೋಡೋಕೆ ಎಥನಾಲ್ (ಕುಡಿಯುವ ಆಲ್ಕೋಹಾಲ್) ತರಾನೇ ಇರುತ್ತೆ, ಮೂಸಿ ನೋಡಿ ಹೇಳುವುದಕ್ಕೂ ಆಗುವುದಿಲ್ಲ. ದೇಹದೊಳಗೆ ಹೋದ ಮೇಲೆ ಫಾರ್ಮಿಕ್ ಆಮ್ಲವಾಗುತ್ತದೆ, ಅದು ಕಣ್ಣಿನ ನರಕ್ಕೆ ಹೊಡೆಯುತ್ತದೆ.

ಹುದುಗುವಾಗ ತಾನಾಗಿ ಮೆಥನಾಲ್ ಬರುವುದು ಮುಖ್ಯವಾಗಿ ಪೆಕ್ಟಿನ್ ಅನ್ನುವ ಸಸ್ಯದ ಅಂಟಿನಿಂದ. ಪೆಕ್ಟಿನ್ ಜಾಸ್ತಿ ಇರುವುದು ಹಣ್ಣುಗಳಲ್ಲಿ, ಬಾರ್ಲಿಯಲ್ಲಿ ತೀರಾ ಕಡಿಮೆ. ಅಂಗಡಿ ಬಿಯರ್‌ನಲ್ಲಿ ಎಷ್ಟು ಇರುತ್ತೋ ಮನೆ ಬಿಯರ್‌ನಲ್ಲೂ ಹೆಚ್ಚುಕಡಿಮೆ ಅಷ್ಟೇ. ಅದರಿಂದ ಯಾರಿಗೂ ಕಣ್ಣು ಹೋಗುವುದಿಲ್ಲ. ತಮಾಷೆ ಏನಪ್ಪಾ ಅಂದರೆ ಮೆಥನಾಲ್ ವಿಷಕ್ಕೆ ಆಸ್ಪತ್ರೆಯಲ್ಲಿ ಕೊಡುವ ಮದ್ದುಗಳಲ್ಲಿ ಎಥನಾಲ್ ಕೂಡ ಒಂದು. ಎರಡನ್ನೂ ಒಡೆಯುವುದು ಒಂದೇ ಕಿಣ್ವ. ಎಥನಾಲ್ ಸಿಕ್ಕಿದರೆ ಅದು ಮೊದಲು ಅದರ ಮೇಲೆ ಬೀಳುತ್ತದೆ, ಮೆಥನಾಲ್ ನಿಧಾನವಾಗಿ ದೇಹದಿಂದ ಆಚೆ ಹೋಗುತ್ತದೆ. ಹಾಗಂತ ಮನೆಯಲ್ಲಿ ಯಾರೂ ಈ ಚಿಕಿತ್ಸೆ ಮಾಡಿಕೊಳ್ಳಬೇಡಿ!

ರಾಜಾಜಿನಗರದ_ರಘು

ಸರಿ ಮೇಡಂ, ಒಪ್ಪಿದೆ. ಕೆಟ್ಟು ಹೋದರೆ? ಅಡುಗೆಮನೆಯಲ್ಲಿ ಎರಡು ವಾರ ಇಟ್ಟಿದ್ದನ್ನು ಕುಡಿದರೆ ಹೊಟ್ಟೆ ಕೆಡಲ್ವಾ? ಫುಡ್ ಪಾಯ್ಸನ್ ಆಗಲ್ವಾ?

ಮಲ್ಲೇಶ್ವರಂ_ಮೈಕ್ರೋಬ್

ಬಿಯರ್ ಹಾಳಾಗುತ್ತದೆ, ಧಾರಾಳವಾಗಿ ಹಾಳಾಗುತ್ತದೆ. ಹುಳಿಯಾಗುತ್ತದೆ, ವಿನೆಗರ್ ವಾಸನೆ ಬರುತ್ತದೆ, ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಆದರೆ ರೋಗ ತರುವ ಬ್ಯಾಕ್ಟೀರಿಯಾಗಳಿಗೆ ಅಲ್ಲಿ ಬದುಕುವುದು ಕಷ್ಟ. ಪಿಎಚ್ 4ರಿಂದ 4.5ರ ಆಸುಪಾಸು, ಆಲ್ಕೋಹಾಲ್ ಇದೆ, ಹಾಪ್ಸ್ ಅನ್ನುವ ಹೂವಿನ ಕಹಿ ಇದೆ, ಆಮ್ಲಜನಕ ಇಲ್ಲ. ಎಲ್ಲಾ ಒಟ್ಟಿಗೆ ಅವಕ್ಕೆ ವಿರುದ್ಧ. ಹಾಗಾಗಿ ಕೆಟ್ಟ ಬಿಯರ್ ಕುಡಿಯೋಕೆ ಆಗುವುದಿಲ್ಲ ಅಷ್ಟೇ, ಸಾಮಾನ್ಯವಾಗಿ ಅದರಿಂದ ಆಸ್ಪತ್ರೆಗೆ ಹೋಗಬೇಕಾಗಿಲ್ಲ. ಮೇಲೆ ಹಸಿರು, ಕಪ್ಪು ಬೂಸ್ಟು ಬಂದಿದ್ದರೆ ಮಾತ್ರ ಯೋಚಿಸದೆ ಚೆಲ್ಲಿ.

ತಳದಲ್ಲಿ ಕೂರುವ ಕೆಸರಿನ ಬಗ್ಗೆಯೂ ಕೇಳುತ್ತಾರೆ. ಅದು ಯೀಸ್ಟ್. ವಿಷವಲ್ಲ, ಕೆಲವರಿಗೆ ಗ್ಯಾಸ್ ಆಗುತ್ತದೆ, ಅಷ್ಟೇ.

ಬ್ರೂಹೌಸ್_ಬೂಟು

ನಾನು ನಗರದ ಒಂದು ಮೈಕ್ರೋಬ್ರೂವರಿಯಲ್ಲಿ (ಅಲ್ಲೇ ಬಿಯರ್ ಮಾಡಿ ಮಾರುವ ಪಬ್) ಕೆಲಸ ಮಾಡುತ್ತೇನೆ, ಯಾವುದು ಅಂತ ಕೇಳಬೇಡಿ. ಮೇಡಂ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. "ಹೇಗಿದ್ದರೂ ಕುದಿಸುತ್ತೇವಲ್ಲ, ಎಲ್ಲಾ ಸತ್ತು ಹೋಗುತ್ತೆ" ಅನ್ನುವುದು ದೊಡ್ಡ ತಪ್ಪು ತಿಳಿವಳಿಕೆ. ಕುದಿಯುವವರೆಗೆ ಪಾತ್ರೆ ಸ್ವಲ್ಪ ಕೊಳೆ ಇದ್ದರೂ ನಡೆಯುತ್ತೆ. ತೊಂದರೆ ಶುರುವಾಗುವುದು ತಣ್ಣಗಾದ ಮೇಲೆ. ಬಾರ್ಲಿಯ ಸಕ್ಕರೆ ಇಳಿದ ನೀರು, ಬೆಚ್ಚಗಿದೆ, ಯೀಸ್ಟ್ ಇನ್ನೂ ಎದ್ದಿಲ್ಲ. ಆಗ ಮುಟ್ಟುವ ಪೈಪು, ಚಮಚ, ಮುಚ್ಚಳ, ಕೈ, ಒಂದೊಂದೂ ಶುದ್ಧ ಇರಬೇಕು.

ತೊಳೆಯುವುದು ಬೇರೆ, ಸ್ಯಾನಿಟೈಸ್ ಮಾಡುವುದು ಬೇರೆ. ಜಿಡ್ಡು ಹೋಗದ ಪಾತ್ರೆಗೆ ಎಷ್ಟು ಸ್ಯಾನಿಟೈಸರ್ ಸುರಿದರೂ ಜಿಡ್ಡಿನ ಕೆಳಗೆ ಕೂತಿರುವುದು ಸಾಯುವುದಿಲ್ಲ. ನಮ್ಮಲ್ಲಿ ಮೊದಲು ಕಾಸ್ಟಿಕ್, ಆಮೇಲೆ ನೀರು, ಆಮೇಲೆ ಆಸಿಡ್, ಕೊನೆಗೆ ಪೆರಾಸಿಟಿಕ್ ಆಸಿಡ್. ಬ್ರೂವರ್ ಅಂದರೆ ಗ್ಲಾಸ್ ಹಿಡಿದು ರುಚಿ ನೋಡಿಕೊಂಡು ಓಡಾಡುವವನು ಅಂದುಕೊಂಡು ಕೆಲಸಕ್ಕೆ ಸೇರುವ ಹುಡುಗರು ಒಂದು ವಾರದಲ್ಲಿ ಮುಖ ಸಣ್ಣ ಮಾಡಿಕೊಳ್ಳುತ್ತಾರೆ, ಯಾಕೆಂದರೆ ದಿನದ ಬಹುಪಾಲು ಗಮ್‌ಬೂಟು ಹಾಕಿಕೊಂಡು ಟ್ಯಾಂಕ್ ತೊಳೆಯುವುದೇ.

ಸುಮ್ನೆ_ಓದುವವ

ಇಷ್ಟು ದಿನ ಬರೀ ಓದುತ್ತಿದ್ದೆ, ಇವತ್ತು ಕೇಳಿಯೇ ಬಿಡುತ್ತೇನೆ. ನಮ್ಮ ದೇಶದ ಬಿಯರ್‌ಗೆ ಗ್ಲಿಸರಿನ್ ಹಾಕುತ್ತಾರೆ, ಬಾಟಲಿಯನ್ನು ನೀರಿನ ಲೋಟದಲ್ಲಿ ತಲೆಕೆಳಗೆ ಹಿಡಿದರೆ ಅದು ಇಳಿದು ಹೋಗುತ್ತೆ ಅಂತ ಕಾಲೇಜಿನಲ್ಲಿ ಸೀನಿಯರ್‌ಗಳು ಮಾಡಿ ತೋರಿಸಿದ್ದರು. ಕಣ್ಣಾರೆ ನೋಡಿದ್ದೇನೆ, ದಾರದ ಹಾಗೆ ಏನೋ ಕೆಳಗೆ ಇಳಿಯುತ್ತಿತ್ತು. ಅದಕ್ಕೇ ಮನೆ ಬಿಯರ್ ಒಳ್ಳೆಯದು ಅಂತಾರಲ್ಲ?

ಹಾಪ್ಸ್_ಹುಚ್ಚ, ಬಸವನಗುಡಿ

ಹಹಹ, ಇದಕ್ಕೇ ಕಾಯುತ್ತಿದ್ದೆ. ನೀನು ನೋಡಿದ್ದು ನಿಜ. ಇಳಿದದ್ದು ಬಿಯರ್!

ನೀರಿನ ಸಾಂದ್ರತೆ 1.000 ಅಂತ ಇಟ್ಟುಕೊಂಡರೆ ಮಾಮೂಲಿ ಬಿಯರ್‌ನದ್ದು 1.008, 1.010 ಹತ್ತಿರ ಇರುತ್ತೆ, ಯೀಸ್ಟ್ ತಿನ್ನದೆ ಬಿಟ್ಟ ಅಂಶ ಅದರಲ್ಲಿ ಉಳಿದಿರುತ್ತಲ್ಲ. ಅದರ ಮೇಲೆ ಬಿಯರ್ ಫ್ರಿಜ್‌ನಿಂದ ಬಂದದ್ದು, ತಣ್ಣಗಿದೆ, ಇನ್ನೂ ಭಾರ. ತಲೆಕೆಳಗೆ ಮಾಡಿದಾಗ ಭಾರವಾದದ್ದು ಕೆಳಗೆ, ಹಗುರವಾದ ನೀರು ಬಾಟಲಿಯೊಳಗೆ. ಬಣ್ಣ ಇರುವುದರಿಂದ ದಾರದ ಹಾಗೆ ಕಾಣಿಸುತ್ತೆ. ಅಂದರೆ ನಿಮ್ಮ ಸೀನಿಯರ್‌ಗಳು ಬಿಯರ್ ಚೆಲ್ಲಿ ನೀರು ತುಂಬಿಸಿಕೊಂಡು ಕುಡಿದರು.

ಗ್ಲಿಸರಿನ್ ಅನ್ನು, ಅಂದರೆ ಗ್ಲಿಸರಾಲ್ ಅನ್ನು, ಯೀಸ್ಟ್ ತಾನೇ ಸ್ವಲ್ಪ ಮಾಡುತ್ತದೆ, ಪ್ರಪಂಚದ ಯಾವ ಬಿಯರ್‌ನಲ್ಲಾದರೂ ಇರುತ್ತೆ, ಮನೆಯದ್ದರಲ್ಲೂ. ಅದು ಬಿಯರ್‌ನಲ್ಲಿ ಕರಗಿರುತ್ತೆ, ತಲೆಕೆಳಗೆ ಹಿಡಿದ ಮಾತ್ರಕ್ಕೆ ಬೇರೆಯಾಗಿ ಇಳಿದು ಹೋಗುವುದಿಲ್ಲ.

ಸುಮ್ನೆ_ಓದುವವ

ಅಯ್ಯೋ. ಎಷ್ಟು ಬಾಟಲಿ ಹಾಳು ಮಾಡಿದರಪ್ಪಾ.

ಕೋರಮಂಗಲ_ಕಿಕ್

ಸಕ್ಕರೆ ವಿಷಯದಲ್ಲಿ ನಾನು ಒಪ್ಪುವುದಿಲ್ಲ. ಯೀಸ್ಟ್ ಸಕ್ಕರೆ ತಿಂದು ಆಲ್ಕೋಹಾಲ್ ಮಾಡುತ್ತೆ ಅಲ್ವಾ? ಹಾಗಾದರೆ ಜಾಸ್ತಿ ಸಕ್ಕರೆ, ಜಾಸ್ತಿ ಕಿಕ್. ಇದರಲ್ಲಿ ತಪ್ಪೇನು?

ಹಾಪ್ಸ್_ಹುಚ್ಚ, ಬಸವನಗುಡಿ

ಲೆಕ್ಕ ಸರಿ, ರುಚಿ ತಪ್ಪು. ಅಂಗಡಿ ಸಕ್ಕರೆಯನ್ನು ಯೀಸ್ಟ್ ಪೂರ್ತಿ ತಿಂದು ಮುಗಿಸುತ್ತೆ, ಏನೂ ಉಳಿಸುವುದಿಲ್ಲ. ಬಾಯಿಗೆ ತೆಳ್ಳಗೆ, ಒಣ ಒಣ, ಒಳಗೆ ಬರೀ ಸ್ಪಿರಿಟ್. ಮಾಲ್ಟ್‌ನಲ್ಲಿ (ಮೊಳಕೆ ಕಟ್ಟಿ ಒಣಗಿಸಿದ ಬಾರ್ಲಿ) ಯೀಸ್ಟ್ ತಿನ್ನಲಾಗದ ಉದ್ದ ಸರಪಳಿಯ ಅಂಶಗಳಿವೆ, ಮೈಕಟ್ಟು ಬರುವುದು ಅವುಗಳಿಂದ. ನೊರೆ ನಿಲ್ಲುವುದಕ್ಕೆ ಮಾಲ್ಟ್‌ನ ಪ್ರೋಟೀನ್ ಬೇಕು. ಬೆಲ್ಜಿಯಂನವರು ಸಕ್ಕರೆ ಹಾಕುತ್ತಾರೆ, ನಿಜ. ಆದರೆ ಅಲ್ಲಿ ಬುನಾದಿ ಮಾಲ್ಟ್.

ಒಂದು ಮಟ್ಟ ದಾಟಿದರೆ ಯೀಸ್ಟ್‌ಗೂ ಕಷ್ಟ, ತಾನು ಮಾಡಿದ ಆಲ್ಕೋಹಾಲಿನಲ್ಲೇ ಸುಸ್ತಾಗಿ ಮಲಗುತ್ತೆ. ಎಷ್ಟು ಕಿಕ್ ಅಂತ ತಿಳಿಯಬೇಕಾದರೆ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಸುಲಭದ ದಾರಿ. ಶುರುವಿನಲ್ಲಿ 1.050, ಕೊನೆಗೆ 1.010 ಬಂದರೆ ವ್ಯತ್ಯಾಸವನ್ನು 131ರಿಂದ ಗುಣಿಸಿ, ಸುಮಾರು 5.2 ಪರ್ಸೆಂಟ್. ಏರ್‌ಲಾಕ್‌ನಲ್ಲಿ (ಗ್ಯಾಸ್ ಹೊರಗೆ ಬಿಟ್ಟು ಗಾಳಿ ಒಳಗೆ ಬಿಡದ ಕೊಳವೆ) ಗುಳ್ಳೆ ಬರುವುದು ನಿಂತರೆ ಮುಗಿಯಿತು ಅಂತ ಜನ ಬಾಟಲಿಗೆ ತುಂಬಿಬಿಡುತ್ತಾರೆ. ಮುಚ್ಚಳ ಸಡಿಲ ಇದ್ದರೂ ಗುಳ್ಳೆ ಬರುವುದಿಲ್ಲ, ಚಳಿ ಬಿದ್ದರೂ ನಿಲ್ಲುತ್ತೆ. ಎರಡು ಮೂರು ದಿನ ಹೈಡ್ರೋಮೀಟರ್ ಒಂದೇ ಅಂಕಿ ತೋರಿಸಬೇಕು. ಅಲ್ಲಿಯವರೆಗೆ ಮುಟ್ಟಬಾರದು. ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ನಾನು ಮೊದಲು ಹೇಳಿದ ಎರಡು ಭಯಗಳಲ್ಲಿ ಒಂದು ಇದೇ. ಬಾಟಲಿ ಸಿಡಿಯುವುದು.

ಬ್ರೂಹೌಸ್_ಬೂಟು

ಇದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬೇಡಿ. ಗ್ಯಾಸ್ ಬರಲಿ ಅಂತ ಬಾಟಲಿಗೆ ತುಂಬುವಾಗ ಲೀಟರಿಗೆ ಸುಮಾರು 6 ಗ್ರಾಂ ಸಕ್ಕರೆ ಸೇರಿಸುತ್ತಾರೆ. 20 ಲೀಟರಿಗೆ 120 ಗ್ರಾಂ. ಅಷ್ಟೇ! ಲೆಕ್ಕ ಹಾಕೋದು ಸುಲಭ, 4 ಗ್ರಾಂ ಸಕ್ಕರೆ ಒಂದು ಲೀಟರ್ ಬಿಯರ್‌ನಲ್ಲಿ ಹೆಚ್ಚುಕಡಿಮೆ ಒಂದು ಲೀಟರ್ ಕಾರ್ಬನ್ ಡೈಆಕ್ಸೈಡ್ ಕೊಡುತ್ತೆ. ಹುದುಗುವುದು ಮುಗಿಯದೆ ಲೀಟರಿಗೆ ಇನ್ನೂ 20 ಗ್ರಾಂ ಸಕ್ಕರೆ ಉಳಿದಿರುವಾಗ ಮುಚ್ಚಳ ಹಾಕಿದರೆ ಒಳಗೆ ಎಷ್ಟು ತುಂಬುತ್ತೆ ನೀವೇ ನೋಡಿ. ಗಾಜಿನ ಚೂರು ಗೋಡೆಗೆ ನಾಟುತ್ತೆ, ಪಕ್ಕದಲ್ಲಿ ಯಾರಾದರೂ ಇದ್ದರೆ ಮುಖಕ್ಕೆ. ಗುಜರಿಯಿಂದ ತಂದ ಬಾಯಿ ಒಡೆದ ಬಾಟಲಿ ಆದರೆ ಇನ್ನೂ ಬೇಗ. ಕಣ್ಣು ಹೋಗುವುದು ಅಂತೀರಲ್ಲ, ಹೋದರೆ ಹೀಗೆ ಹೋಗಬಹುದು, ಮೆಥನಾಲ್‌ನಿಂದಲ್ಲ.

ಜೆಪಿ_ನಗರ_ಏಳನೇ_ಹಂತ

ನನ್ನ ಪ್ರಶ್ನೆ ಹವಾಮಾನದ್ದು. ಬೆಂಗಳೂರು ತಂಪು ಊರು, ಬಿಯರ್‌ಗೆ ಹೇಳಿ ಮಾಡಿಸಿದ್ದು, ಅದಕ್ಕೇ ಬ್ರಿಟಿಷರು ಇಲ್ಲಿ ಬ್ರೂವರಿ ಹಾಕಿದರು ಅಂತ ಓದಿದ್ದೇನೆ. ನಿಜವಾ?

ಹಾಪ್ಸ್_ಹುಚ್ಚ, ಬಸವನಗುಡಿ

ಬ್ರೂವರಿ ಇದ್ದದ್ದು ನಿಜ. ಬ್ಯಾಂಗಲೋರ್ ಬ್ರೂಯಿಂಗ್ ಕಂಪನಿ 1885ರದ್ದು, 1915ರಲ್ಲಿ ಯುನೈಟೆಡ್ ಬ್ರೂವರೀಸ್ ಆದಾಗ ಅದೂ ಅದರೊಳಗೆ ಸೇರಿತು. ದಂಡು ಪ್ರದೇಶದಲ್ಲಿ ಸಿಪಾಯಿಗಳು ಇದ್ದರು, ಗಿರಾಕಿ ಅಲ್ಲೇ ಇದ್ದ. ಬರೀ ಹವಾಮಾನ ಅಂತ ನಾನು ಹೇಳುವುದಿಲ್ಲ.

ಈಗಿನ ಬೆಂಗಳೂರು ಏಲ್ (ಬೆಚ್ಚಗೆ ಹುದುಗಿಸುವ ಬಿಯರ್) ಯೀಸ್ಟ್‌ಗೆ ಡಿಸೆಂಬರ್, ಜನವರಿಯಲ್ಲಿ ಪರವಾಗಿಲ್ಲ. ಅದಕ್ಕೆ 18ರಿಂದ 22 ಡಿಗ್ರಿ ಸಾಕು. ಏಪ್ರಿಲ್‌ನಲ್ಲಿ? 2016ರ ಏಪ್ರಿಲ್‌ನಲ್ಲಿ ಇದೇ ಊರಿನಲ್ಲಿ 39 ಡಿಗ್ರಿ ದಾಟಿತ್ತು. ಇನ್ನೊಂದು ವಿಷಯ ಜನ ಮರೆಯುತ್ತಾರೆ, ಹುದುಗುವಾಗ ಯೀಸ್ಟ್ ತಾನೇ ಶಾಖ ಹುಟ್ಟಿಸುತ್ತೆ. ರೂಮಿನಲ್ಲಿ 26 ಇದ್ದರೆ ಡಬ್ಬದೊಳಗೆ 29, 30 ಆಗಿರುತ್ತೆ. ಆಗ ಭಾರದ ಆಲ್ಕೋಹಾಲ್‌ಗಳು ಜಾಸ್ತಿ ಬರುತ್ತವೆ, ನೇಲ್ ಪಾಲಿಶ್ ರಿಮೂವರ್ ವಾಸನೆ ಬರುತ್ತೆ. "ಮನೆ ಬಿಯರ್ ಕುಡಿದರೆ ತಲೆ ಸಿಡಿಯುತ್ತೆ" ಅಂತಾರಲ್ಲ, ಅದಕ್ಕೆ ಈ ಬಿಸಿ ಕಾರಣ ಅಂತ ಹಲವರು ಹೇಳುತ್ತಾರೆ, ಖಚಿತವಿಲ್ಲ. ಅಮೆರಿಕದ ಹವ್ಯಾಸಿಗಳು ಹಳೇ ಫ್ರಿಜ್‌ಗೆ ಟೆಂಪರೇಚರ್ ಕಂಟ್ರೋಲರ್ ಸಿಕ್ಕಿಸಿ ಅದರೊಳಗೆ ಹುದುಗಿಸುತ್ತಾರೆ. ಹೊಳೆಯುವ ಸ್ಟೀಲ್ ಟ್ಯಾಂಕಿಗೆ ದುಡ್ಡು ಹಾಕುವ ಬದಲು ಇದಕ್ಕೆ ಹಾಕಬೇಕು ಅನ್ನುವುದು ನನ್ನ ಅಭಿಪ್ರಾಯ.

ಹಾಗಂತ ಬಿಸಿ ಊರಿನಲ್ಲಿ ಒಳ್ಳೆಯ ಬಿಯರ್ ಸಾಧ್ಯವೇ ಇಲ್ಲ ಅನ್ನುವುದೂ ತಪ್ಪು. ನಾರ್ವೆಯ ಹಳ್ಳಿಗಳಲ್ಲಿ ತಲೆಮಾರುಗಳಿಂದ ಉಳಿಸಿಕೊಂಡು ಬಂದ ಕ್ವೈಕ್ ಅನ್ನುವ ಯೀಸ್ಟ್ ಇದೆ. ಅದು 30 ಡಿಗ್ರಿ ಮೇಲೆಯೂ ಚೆನ್ನಾಗಿ ಕೆಲಸ ಮಾಡುತ್ತೆ. ಚಳಿ ದೇಶದ ಯೀಸ್ಟ್‌ಗೆ ಸೆಕೆ ಇಷ್ಟ, ನೋಡಿ ವಿಚಿತ್ರ.

ಪದ್ಮನಾಭನಗರ_ಪದ್ಮ

ನಮ್ಮ ಅತ್ತೆ ಕೇಳಿದ ಪ್ರಶ್ನೆ ಹಾಕುತ್ತಿದ್ದೇನೆ. ಇಡ್ಲಿ ಹಿಟ್ಟು ತಾನೇ ಹುಳಿ ಬರುತ್ತೆ, ಯಾರೂ ಯೀಸ್ಟ್ ಹಾಕುವುದಿಲ್ಲ, ಹಾಗೇ ಬಾರ್ಲಿ ನೀರು ಇಟ್ಟರೆ ಬಿಯರ್ ಆಗಲ್ವಾ ಅಂತ. ಬೇಕರಿ ಯೀಸ್ಟ್ ಹಾಕಿದರೆ?

ಮಲ್ಲೇಶ್ವರಂ_ಮೈಕ್ರೋಬ್

ಅತ್ತೆಯವರ ಪ್ರಶ್ನೆ ಈ ಪುಟದಲ್ಲೇ ಚೆನ್ನಾಗಿರುವ ಪ್ರಶ್ನೆ. ಇಡ್ಲಿ ಹಿಟ್ಟಿನಲ್ಲಿ ಮುಖ್ಯ ಕೆಲಸ ಲ್ಯಾಕ್ಟಿಕ್ ಬ್ಯಾಕ್ಟೀರಿಯಾದ್ದು, ಅವು ಬೇಳೆ ಅಕ್ಕಿಯ ಜೊತೆಗೇ ಬಂದಿರುತ್ತವೆ. ಬ್ರಸೆಲ್ಸ್ ಸುತ್ತಮುತ್ತ ಲ್ಯಾಂಬಿಕ್ ಅನ್ನುವ ಬಿಯರನ್ನು ಗಾಳಿಯಲ್ಲಿರುವ ಯೀಸ್ಟ್‌ನಿಂದಲೇ ಮಾಡುತ್ತಾರೆ. ಆದರೆ ಅದಕ್ಕೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಮರದ ಪೀಪಾಯಿ ಬೇಕು, ಹುಳಿಯೂ ಬರುತ್ತೆ.

ಇನ್ನೊಂದು ತೊಡಕು. ಬಾರ್ಲಿಯನ್ನು ಸುಮ್ನೆ ನೆನೆಸಿದರೆ ಅದರಲ್ಲಿ ಪಿಷ್ಟ ಇರುತ್ತೆ, ಸಕ್ಕರೆ ಇರುವುದಿಲ್ಲ. ಯೀಸ್ಟ್‌ಗೆ ಪಿಷ್ಟ ತಿನ್ನಲು ಬರುವುದಿಲ್ಲ. ಮೊದಲು ಮೊಳಕೆ ಕಟ್ಟಿ ಒಣಗಿಸಬೇಕು, ಅದೇ ಮಾಲ್ಟ್. ಆಮೇಲೆ 65 ಡಿಗ್ರಿ ಆಸುಪಾಸಿನ ನೀರಿನಲ್ಲಿ ಒಂದು ಗಂಟೆ ಇಟ್ಟರೆ ಅದರ ಕಿಣ್ವಗಳೇ ಪಿಷ್ಟವನ್ನು ಸಕ್ಕರೆ ಮಾಡುತ್ತವೆ. ಮಗುವಿಗೆ ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಪುಡಿ ಮಾಡಿ ಸರಿ ಕಾಯಿಸುತ್ತಾರಲ್ಲ, ಅದು ಬೇಗ ತೆಳ್ಳಗೆ ಸಿಹಿಯಾಗಿ ಬರುವುದಕ್ಕೂ ಇವೇ ಕಿಣ್ವಗಳು ಕಾರಣ. ಅತ್ತೆಯವರಿಗೆ ಅರ್ಧ ವಿದ್ಯೆ ಬಂದೇ ಇದೆ!

ಬೇಕರಿ ಯೀಸ್ಟ್ ಏಲ್ ಯೀಸ್ಟ್‌ನ ಜಾತಿಯದ್ದೇ. ಆಲ್ಕೋಹಾಲ್ ಬರುತ್ತೆ, ಆದರೆ ಅದು ಚೆನ್ನಾಗಿ ತಳಕ್ಕೆ ಕೂರುವುದಿಲ್ಲ, ರುಚಿಯಲ್ಲಿ ಬ್ರೆಡ್ ಹಿಟ್ಟು ನಿಂತಿರುತ್ತೆ.

ಬ್ರೂಹೌಸ್_ಬೂಟು

ರಾಗಿ ಬಿಯರನ್ನು ಇಲ್ಲಿನ ಕೆಲವು ಪಬ್‌ಗಳೂ ಮಾಡಿವೆ. "ಬಾರ್ಲಿ ಬಿಟ್ಟು ಬೇರೆ ಹಾಕಿದರೆ ಕಲಬೆರಕೆ" ಅನ್ನುವವರಿಗೆ ಜರ್ಮನಿಯ 1516ರ ಶುದ್ಧತೆಯ ನಿಯಮ ನೆನಪಿಗೆ ಬರುತ್ತೆ. ಬವೇರಿಯಾದ ಆ ನಿಯಮದಲ್ಲಿ ನೀರು, ಬಾರ್ಲಿ, ಹಾಪ್ಸ್ ಅಂತ ಮಾತ್ರ ಇದೆ. ಯೀಸ್ಟ್ ಹೆಸರೇ ಇಲ್ಲ. ಅದನ್ನೇ ಅಕ್ಷರಕ್ಕೆ ಅಕ್ಷರ ಹಿಡಿದರೆ ಬಿಯರೇ ಆಗುವುದಿಲ್ಲ ಬಿಡಿ.

ಪುಟ್ಟೇನಹಳ್ಳಿ_ಬೋರ್

ನೀರು? ನಮಗೆ ಕಾವೇರಿ ವಾರಕ್ಕೆ ಎರಡು ದಿನ, ಉಳಿದದ್ದು ಬೋರ್, ಇಲ್ಲ ಟ್ಯಾಂಕರ್.

ಬ್ರೂಹೌಸ್_ಬೂಟು

ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ಪಂಪ್ ಆಗಿ ಬರುವ ಕಾವೇರಿ ನೀರು ಬಿಯರ್‌ಗೆ ಕೆಟ್ಟದ್ದೇನಲ್ಲ. ಕ್ಲೋರಿನ್ ಮಾತ್ರ ತೆಗೆಯಬೇಕು. ಇಲ್ಲದಿದ್ದರೆ ಅದು ಮಾಲ್ಟ್‌ನ ಫೀನಾಲ್‌ಗಳ ಜೊತೆ ಸೇರಿ ಬ್ಯಾಂಡೇಜ್ ವಾಸನೆ ತರುತ್ತೆ, ತೀರಾ ಸ್ವಲ್ಪ ಇದ್ದರೂ ಮೂಗಿಗೆ ಗೊತ್ತಾಗುತ್ತೆ. ಬೋರ್ ನೀರು ಗಡಸು, ಏರಿಯಾದಿಂದ ಏರಿಯಾಕ್ಕೆ ಬೇರೆ. ಆರ್‌ಒ ನೀರೇ ಬೆಸ್ಟ್ ಅನ್ನುವುದೂ ಪೂರ್ತಿ ಸರಿಯಲ್ಲ, ಅದರಲ್ಲಿ ಕ್ಯಾಲ್ಸಿಯಂ ಇರುವುದಿಲ್ಲ, ಮತ್ತೆ ಜಿಪ್ಸಮ್ ಸೇರಿಸಬೇಕು.

ಕೋರಮಂಗಲ_ಕಿಕ್

ಕಪ್ಪು ಬಿಯರ್ ಸ್ಟ್ರಾಂಗ್ ಅನ್ನುವುದಾದರೂ ನಿಜ ತಾನೇ? ಬಣ್ಣ ನೋಡಿದರೇ ಗೊತ್ತಾಗುತ್ತೆ.

ಹಾಪ್ಸ್_ಹುಚ್ಚ, ಬಸವನಗುಡಿ

ಗಿನ್ನೆಸ್ ಡ್ರಾಫ್ಟ್ 4.2 ಪರ್ಸೆಂಟ್. ನಮ್ಮ ಅಂಗಡಿಯ ಹೊಂಬಣ್ಣದ ಸ್ಟ್ರಾಂಗ್ ಬಿಯರ್ 8ರವರೆಗೂ ಇರುತ್ತೆ. ಬಣ್ಣ ಬರುವುದು ಹುರಿದ ಧಾನ್ಯದಿಂದ, ಅದೂ ಒಂದು ಹಿಡಿ ಸಾಕು.

ದಾವೆ_ದಾಖಲೆ, ಸಿಟಿ ಸಿವಿಲ್ ಕೋರ್ಟ್ ಹತ್ತಿರ

ಇಷ್ಟೆಲ್ಲ ಓದಿ ಯಾರಾದರೂ ಈ ಭಾನುವಾರ ಶುರು ಮಾಡುವ ಮೊದಲು ಎರಡನೇ ಭಯದ ಬಗ್ಗೆ ನಾನು ಬರೆಯುತ್ತೇನೆ.

"ನಮ್ಮ ಮನೆ, ನಮ್ಮ ಪಾತ್ರೆ, ಮಾರುವುದಿಲ್ಲ, ನಾನೇ ಕುಡಿಯುತ್ತೇನೆ, ಆದ್ದರಿಂದ ಕಾನೂನು ಅಡ್ಡ ಬರುವುದಿಲ್ಲ" ಎನ್ನುವುದು ತಪ್ಪು. 1965ರ ಕರ್ನಾಟಕ ಅಬಕಾರಿ ಕಾಯ್ದೆಯಲ್ಲಿ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದೇ ಅಪರಾಧ, ಬಿಯರ್ ಕೂಡ ಮದ್ಯವೇ. ಮಾರಾಟ ಬೇರೆ ಅಪರಾಧ. ಸಂವಿಧಾನದ ಏಳನೇ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ 8ನೇ ನಮೂದು ಮದ್ಯದ್ದು. ಅಂದರೆ ಇದು ರಾಜ್ಯದ ಕೈಯಲ್ಲಿದೆ, ಒಂದೊಂದು ರಾಜ್ಯದಲ್ಲಿ ಒಂದೊಂದು ಥರ. ಬೇರೆ ದೇಶದ ವಿಡಿಯೋ ನೋಡಿ "ಅಲ್ಲಿ ನಡೆಯುತ್ತಲ್ಲ" ಅಂದರೆ ಇಲ್ಲಿನ ನ್ಯಾಯಾಲಯ ಕೇಳುವುದಿಲ್ಲ.

ಕೋರಮಂಗಲ_ಕಿಕ್

ಆದರೆ ಸಾರ್, ಮಾಲ್ಟ್, ಹಾಪ್ಸ್, ಯೀಸ್ಟ್, ಪೂರ್ತಿ ಕಿಟ್ ಆನ್‌ಲೈನ್‌ನಲ್ಲಿ ಸಿಗುತ್ತೆ. ತಪ್ಪಾಗಿದ್ದರೆ ಮಾರೋಕೆ ಬಿಡುತ್ತಿದ್ದರಾ?

ದಾವೆ_ದಾಖಲೆ, ಸಿಟಿ ಸಿವಿಲ್ ಕೋರ್ಟ್ ಹತ್ತಿರ

ಮಾಲ್ಟ್ ಧಾನ್ಯ. ಯೀಸ್ಟ್ ಬೇಕರಿಯಲ್ಲೂ ಇದೆ. ಥರ್ಮಾಮೀಟರ್ ಮಾರುವುದು ಅಪರಾಧ ಹೇಗಾಗುತ್ತೆ? ಅವೆಲ್ಲ ಸೇರಿ ಮದ್ಯವಾದಾಗ ಪ್ರಶ್ನೆ ಬರುವುದು ನಿಮ್ಮ ಮೇಲೆ, ಕೊರಿಯರ್‌ನವನ ಮೇಲಲ್ಲ.

ಹಾಪ್ಸ್_ಹುಚ್ಚ, ಬಸವನಗುಡಿ

ಅಮೆರಿಕದಲ್ಲೂ ಮೊದಲಿನಿಂದ ಹೀಗೇ ಇರಲಿಲ್ಲ. 1933ರಲ್ಲಿ ಪಾನನಿಷೇಧ ಮುಗಿದಾಗ ಮನೆಯಲ್ಲಿ ವೈನ್ ಮಾಡುವುದಕ್ಕೆ ದಾರಿ ಸಿಕ್ಕಿತು, ಬಿಯರ್ ಬಿಟ್ಟು ಹೋಯಿತು. 1978ರಲ್ಲಿ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಮೇಲೆ ಒಬ್ಬ ವಯಸ್ಕನಿಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ವಯಸ್ಕರಿರುವ ಮನೆಗೆ 200 ಅಂತಾಯಿತು. ಅಲ್ಲೂ ರಾಜ್ಯಗಳು ಒಪ್ಪಬೇಕು. ಅಲಬಾಮಾ, ಮಿಸಿಸಿಪ್ಪಿ ಒಪ್ಪಿದ್ದು 2013ರಲ್ಲಿ. ಬ್ರಿಟನ್ 1963ರಲ್ಲೇ ಲೈಸೆನ್ಸ್ ತೆಗೆದು ಹಾಕಿತ್ತು. ಅಮೆರಿಕದ ಕ್ರಾಫ್ಟ್ ಬ್ರೂವರಿ (ಸಣ್ಣ ಸ್ವತಂತ್ರ ಬ್ರೂವರಿ) ಕಟ್ಟಿದವರಲ್ಲಿ ಎಷ್ಟೋ ಜನ ಅಡುಗೆಮನೆಯಲ್ಲಿ ಕಲಿತವರು. ನಮ್ಮಲ್ಲಿ 2011ರಲ್ಲಿ ವಿಟ್ಠಲ್ ಮಲ್ಯ ರಸ್ತೆಯಲ್ಲಿ 'ಬಿಯರ್ ಕ್ಲಬ್' ಅನ್ನುವ ಮೈಕ್ರೋಬ್ರೂವರಿ ಶುರುವಾದ ಮೇಲೆ ಊರು ತುಂಬಾ ಮೈಕ್ರೋಬ್ರೂವರಿ ಬಂದವು, ಆದರೆ ಕಲಿಯುವ ಹುಡುಗ ಎಲ್ಲಿ ಕಲಿಯಬೇಕು? ವೈಯಕ್ತಿಕ ಬಳಕೆಗೆ ಒಂದು ಮಿತಿ ಹಾಕಿ ಬಿಡಬಹುದು ಅಂತ ನನಗನ್ನಿಸುತ್ತೆ. ಬಿಡುವವರೆಗೆ ನಾನಂತೂ ಮಾಡುವುದಿಲ್ಲ.

ರಾಜಾಜಿನಗರದ_ರಘು

ಬಿಡಲಿ ಬಿಡದಿರಲಿ, ಅಗ್ಗವಂತೂ ಆಗುತ್ತಿತ್ತು ಅಲ್ವಾ ಗುರು?

ಹಾಪ್ಸ್_ಹುಚ್ಚ, ಬಸವನಗುಡಿ

ಎಲ್ಲಿಯ ಅಗ್ಗ. ಬರೀ ಮಾಲ್ಟ್ ಲೆಕ್ಕ ಹಾಕಿದರೆ ಅಗ್ಗ. ಕೆಟಲ್, ಫ್ರಿಜ್, ಗ್ಯಾಸು, ಹೊರದೇಶದ ಹಾಪ್ಸ್, ಒಂದು ಇಡೀ ಶನಿವಾರ, ಇವೆಲ್ಲ ಸೇರಿಸಿದರೆ ಹೆಂಡತಿ ಎದುರು ಲೆಕ್ಕ ಒಪ್ಪಿಸೋಕೆ ಆಗುವುದಿಲ್ಲ. ದುಡ್ಡು ಉಳಿಸೋಕೆ ಅಂತ ಇದಕ್ಕೆ ಇಳಿದವರು ಬೇಗ ಬಿಡುತ್ತಾರೆ.

ಪದ್ಮನಾಭನಗರ_ಪದ್ಮ

ಹಾಗಾದರೆ ಮನೆಯಲ್ಲಿ ಶುಂಠಿ ಬಿಯರ್ ಮಾಡಿಕೊಳ್ಳುತ್ತೇನೆ, ಅದು ಜ್ಯೂಸ್ ತಾನೇ? ಮಕ್ಕಳೂ ಕುಡಿಯಬಹುದು.

ಮಲ್ಲೇಶ್ವರಂ_ಮೈಕ್ರೋಬ್

ಪದ್ಮ, ಹುದುಗಿಸಿದ ಶುಂಠಿ ಬಿಯರ್‌ನಲ್ಲೂ ಯೀಸ್ಟ್ ಇದೆ, ಸಕ್ಕರೆ ಇದೆ. ಬಿಟ್ಟಷ್ಟು ದಿನ ಆಲ್ಕೋಹಾಲ್ ಏರುತ್ತಾ ಹೋಗುತ್ತೆ, ಆಗ ಮೇಲೆ ವಕೀಲರು ಹೇಳಿದ ಮಾತೇ ಇದಕ್ಕೂ ಬರುತ್ತೆ. ಮಕ್ಕಳಿಗಾದರೆ ಶುಂಠಿ ಕಷಾಯ ಕಾಯಿಸಿ, ತಣ್ಣಗೆ ಮಾಡಿ, ನಿಂಬೆ ಹಿಂಡಿ, ಸೋಡಾ ಬೆರೆಸಿ ಕೊಡಿ.

ಬ್ರೂಹೌಸ್_ಬೂಟು

ಅಕ್ಕಾ, ಚಹಾ ಹುದುಗಿಸಿ ಮಾಡುವ ಕೊಂಬುಚಾ ಏನಾದರೂ ಮಾಡುತ್ತಿದ್ದರೆ ಗಾಜಿನ ಬಾಟಲಿಗೆ ತುಂಬಬೇಡಿ. ಸೋಡಾ ಬರುವ ಪ್ಲಾಸ್ಟಿಕ್ ಬಾಟಲಿ ತಗೊಳ್ಳಿ. ದಿನಕ್ಕೊಮ್ಮೆ ಒತ್ತಿ ನೋಡಿ. ಕಲ್ಲಿನ ಹಾಗೆ ಗಟ್ಟಿಯಾದ ದಿನವೇ ಫ್ರಿಜ್‌ಗೆ ಇಟ್ಟುಬಿಡಿ, ಮುಚ್ಚಳ ತೆಗೆಯುವಾಗ ಸಿಂಕಿನ ಮೇಲೆ ಹಿಡಿದು ನಿಧಾನವಾಗಿ ತಿರುಗಿಸಿ.